ಜೂರಿಕ್‌ನಿಂದ ಮಿಲಾನ್ ಎಷ್ಟು ದೂರ, ಎಷ್ಟು ಹೊತ್ತು? ಈಸ್ಟರ್ ವಾರದಲ್ಲಿ ಹೊರಡೋರು ಓದಲೇಬೇಕು

ಪ್ರಶ್ನೆ: ನಾನು, ನನ್ನ ಹೆಂಡತಿ, ಅಪ್ಪ, ಅಮ್ಮ ನಾಲ್ಕು ಜನ ಸ್ವಿಟ್ಜರ್ಲೆಂಡ್ ಟೂರ್ ಮುಗಿಸಿ 2026ರ ಏಪ್ರಿಲ್ 2ನೇ ತಾರೀಕು ಗುರುವಾರ ಜೂರಿಕ್‌ನಿಂದ ಮಿಲಾನ್‌ಗೆ ಹೋಗ್ಬೇಕು. ಅವತ್ತೇ ರಾತ್ರಿ 9.45ಕ್ಕೆ ಮಾಲ್ಪೆನ್ಸಾ ಏರ್‌ಪೋರ್ಟಿಂದ ಬೆಂಗಳೂರಿಗೆ ವಾಪಸ್ ಫ್ಲೈಟು. ಒಂದು ಕಡೆ 218 ಕಿಮೀ ಅಂತಿದೆ, ಇನ್ನೊಂದು ಕಡೆ 280 ಅಂತಿದೆ, ಯಾವುದು ಸರಿ? ಮ್ಯಾಪಲ್ಲಿ ಕಾರಿಗೆ ಮೂರೂವರೆ ಗಂಟೆ ತೋರಿಸ್ತಿದೆ. ಜೂರಿಕ್‌ನಲ್ಲಿ ಬಾಡಿಗೆ ಕಾರ್ ತಗೊಂಡು ಮಧ್ಯಾಹ್ನ 12ಕ್ಕೆ ಹೊರಟು ಮಾಲ್ಪೆನ್ಸಾದಲ್ಲಿ ವಾಪಸ್ ಕೊಡೋಣ ಅಂತಿದೀವಿ. ಅಪ್ಪನಿಗೆ 71, ಮಂಡಿ ನೋವು. ಕಾರ್ ಒಳ್ಳೇದಾ, ಟ್ರೇನಾ, ಫ್ಲೈಟಾ? ಟ್ರೇನಲ್ಲಿ ನಮ್ಮ ಊಟ ತಿನ್ನೋಕೆ ಬಿಡ್ತಾರಾ?

ಉತ್ತರ: ಮೊದಲು ಮುಖ್ಯವಾದ ಮಾತು ಹೇಳಿಬಿಡ್ತೀನಿ, ಮಿಕ್ಕಿದ್ದು ಆಮೇಲೆ. ಆ ಕಾರ್ ಬುಕಿಂಗ್ ಇನ್ನೂ ಮಾಡಿಲ್ಲ ಅಂದ್ರೆ ಮಾಡ್ಬೇಡಿ, ಮಾಡಿದ್ರೆ ಕ್ಯಾನ್ಸಲ್ ಮಾಡಿ. ಏಪ್ರಿಲ್ 2 ಅಂದ್ರೆ ಗುಡ್ ಫ್ರೈಡೇ ಹಿಂದಿನ ದಿನ, ಈಸ್ಟರ್ ಅದೇ 5ನೇ ತಾರೀಕು. ಇಡೀ ವರ್ಷದಲ್ಲಿ ಜೂರಿಕ್ ಕಡೆಯಿಂದ ಇಟಲಿ ಕಡೆಗೆ ಕಾರಲ್ಲಿ ಹೋಗೋಕೆ ಅತಿ ಕೆಟ್ಟ ದಿನಗಳು ಅಂತ ಒಂದೈದು ಹೆಸರಿಸಿ ಅಂದ್ರೆ ಅದ್ರಲ್ಲಿ ಈ ಗುರುವಾರ ಇದ್ದೇ ಇರುತ್ತೆ. ಅದೂ ಮಧ್ಯಾಹ್ನ ಹನ್ನೆರಡಕ್ಕೆ ಹೊರಟು ರಾತ್ರಿ ಫ್ಲೈಟ್ ಹಿಡಿಯೋದು ಅಂತ ನಿಮ್ಮ ಪ್ರಶ್ನೆ ಓದಿದಾಗ ನಂಗೆ ನಿಜವಾಗ್ಲೂ ಎದೆ ಧಸಕ್ ಅಂತು.

ಈಗ ದೂರದ ವಿಷಯಕ್ಕೆ ಬರೋಣ. ನೀವು ನೋಡಿದ ಎರಡು ಲೆಕ್ಕವೂ ಸರಿ. 218 ಕಿಮೀ ಅನ್ನೋದು ಹಕ್ಕಿ ಹಾರೋ ದೂರ, ಮ್ಯಾಪ್ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದ್ರೆ ಬರೋದು. 280 ಅನ್ನೋದು ರಸ್ತೆ ದೂರ, ಊರೊಳಗೆ ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟುತ್ತೀರಿ ಅನ್ನೋದರ ಮೇಲೆ ಐದತ್ತು ಕಿಮೀ ಆಚೀಚೆ ಆಗುತ್ತೆ. ಬೆಂಗಳೂರಿಂದ ಶಿವಮೊಗ್ಗಕ್ಕೆ ಹೋದಂಗೆ ಅನ್ಕೊಳ್ಳಿ, ಅದಕ್ಕಿಂತ ಸ್ವಲ್ಪ ಕಡಿಮೆನೇ. ಆದ್ರೆ ಕಿಲೋಮೀಟರ್ ಲೆಕ್ಕ ಈ ದಾರಿಯಲ್ಲಿ ನಿಮ್ಗೆ ಏನನ್ನೂ ಹೇಳಲ್ಲ ಯಾಕಂದ್ರೆ ಈ ಎರಡು ಊರಿನ ಮಧ್ಯೆ ಆಲ್ಪ್ಸ್ ಅಡ್ಡ ಮಲಗಿದೆ. ಜೂರಿಕ್ ಸಮುದ್ರ ಮಟ್ಟದಿಂದ 408 ಮೀಟರ್ ಎತ್ತರದಲ್ಲಿದೆ, ಮಿಲಾನ್ ಬರೀ 120, ನಡುವೆ ಗೊಟ್ಟಾರ್ಡ್ ಪಾಸ್ 2,106 ಮೀಟರ್. ಈ ಬೆಟ್ಟನ ಎಷ್ಟು ಎತ್ತರದಲ್ಲಿ ದಾಟುತ್ತೀರಿ, ಯಾರ ಹಿಂದೆ ಕ್ಯೂ ನಿಂತು ದಾಟುತ್ತೀರಿ, ನಿಮ್ಮ ಪ್ರಯಾಣದ ಟೈಮ್ ನಿರ್ಧಾರ ಆಗೋದು ಅಲ್ಲೇ. ನಾನು ಜೂರಿಕ್ ಪಕ್ಕದ ಊರಿಗೆ ಬಂದು 14 ವರ್ಷ ಆಯ್ತು, ಕೆಲಸದ ಮೇಲೆ ಮಿಲಾನ್‌ಗೆ ಎಷ್ಟು ಸಲ ಹೋಗಿ ಬಂದಿದೀನಿ ಅಂತ ಲೆಕ್ಕ ಇಟ್ಟಿಲ್ಲ. ಮೂರೂಕಾಲು ಗಂಟೆಯಲ್ಲೂ ಮುಟ್ಟಿದೀನಿ, ಒಂಬತ್ತು ಗಂಟೆಯಲ್ಲೂ ಮುಟ್ಟಿದೀನಿ, ಎರಡು ಸಲವೂ ಹೋಗಿದ್ದು ಅದೇ ಬೆಟ್ಟದ ಒಳಗಿಂದ.

ಆ ಒಂಬತ್ತು ಗಂಟೆ ಕಥೆ ಹೇಳ್ತೀನಿ, ಯಾಕಂದ್ರೆ ಅದು ಹೆಚ್ಚುಕಡಿಮೆ ನಿಮ್ದೇ ಪ್ಲಾನು. ಕೆಲವು ವರ್ಷದ ಹಿಂದೆ ಇದೇ ಥರ ಈಸ್ಟರ್ ಮುಂಚಿನ ಗುರುವಾರ, ಒಬ್ಬ ಫ್ರೆಂಡು ಅವರ ತಂದೆ ತಾಯಿನ ಮಿಲಾನ್‌ಗೆ ಬಿಡ್ಬೇಕಿತ್ತು, ನಾನೂ ಜೊತೆಗೆ ಹೋಗಿದ್ದೆ. ಹನ್ನೆರಡೂವರೆಗೆ ಹೊರಟ್ವಿ. ಬೆಳಿಗ್ಗೆ ಮ್ಯಾಪ್ ಮೂರು ಗಂಟೆ ನಲವತ್ತು ನಿಮಿಷ ತೋರಿಸಿತ್ತು. ಲೂಸರ್ನ್ ಕೆರೆ ದಾಟಿ ಊರಿ ಅನ್ನೋ ರಾಜ್ಯದ ಕಣಿವೆ ಒಳಗೆ ಹೋಗ್ತಿದ್ದಂಗೆ ಹೈವೇ ಬೋರ್ಡ್ ಮೇಲೆ ಗೊಟ್ಟಾರ್ಡ್, 11 ಕಿಮೀ ಕ್ಯೂ ಅಂತ ಬಂತು. ಎರ್ಸ್ಟ್‌ಫೆಲ್ಡ್ ದಾಟಿ ಸ್ವಲ್ಪ ಮುಂದೆ ಗಾಡಿ ನಿಂತೇ ಬಿಡ್ತು. ಸ್ವಲ್ಪ ಮುಂದಕ್ಕೆ, ಮತ್ತೆ ಬ್ರೇಕು. ಪಕ್ಕದ ಲೇನಲ್ಲಿ ಒಂದು ಡಚ್ ಫ್ಯಾಮಿಲಿ ಮಕ್ಕಳನ್ನ ಕೆಳಗಿಳಿಸಿ ರಸ್ತೆ ಅಂಚಲ್ಲಿ ಓಡಾಡಿಸ್ತಿದ್ರು. ಫ್ರೆಂಡ್ ಅವರ ತಾಯಿಗೆ ಬಾತ್‌ರೂಮ್‌ಗೆ ಹೋಗ್ಬೇಕು, ಮುಂದಿನ ಸರ್ವಿಸ್ ಏರಿಯಾಗೆ ಇನ್ನೂ ನಾಲ್ಕು ಕಿಮೀ, ಆ ನಾಲ್ಕು ಕಿಮೀಗೆ ನಲವತ್ತೈದು ನಿಮಿಷ ಹಿಡೀತು. ಬಾಯಿಬಿಟ್ಟು ಹೇಳೋಕೂ ಆಗ್ದೆ ಅವರು ಸೆರಗನ್ನ ಮುಷ್ಟಿಯಲ್ಲಿ ಹಿಡ್ಕೊಂಡು ಕಿಟಕಿ ಕಡೆ ಮುಖ ಮಾಡ್ಕೊಂಡು ಕೂತಿದ್ದು ನಂಗೆ ಇವತ್ತಿಗೂ ಕಣ್ಮುಂದೆ ಇದೆ. ಮಿಲಾನ್ ಮುಟ್ಟಿದಾಗ ರಾತ್ರಿ ಒಂಬತ್ತೂವರೆ. ನಮ್ಮ ಪುಣ್ಯಕ್ಕೆ ಅವರ ಫ್ಲೈಟ್ ಮರುದಿನ ಇತ್ತು. ನಿಮ್ದು ಅವತ್ತೇ ರಾತ್ರಿ ಇದೆ.

ಯಾಕೆ ಹಂಗಾಗುತ್ತೆ ಅಂತ ಗೊತ್ತಾದ್ರೆ ನೀವೇ ಕಾರ್ ಬೇಡ ಅಂತೀರ. ಗೊಟ್ಟಾರ್ಡ್ ರೋಡ್ ಟನಲ್ 16.9 ಕಿಮೀ ಉದ್ದ, ಉತ್ತರಕ್ಕೆ ಗೋಶೆನೆನ್, ದಕ್ಷಿಣಕ್ಕೆ ಐರೋಲೋ. 1980ರಲ್ಲಿ ಓಪನ್ ಆಯ್ತು. ಎರಡೂ ಕಡೆ ನಾಲ್ಕು ಲೇನ್ ಹೈವೇ ಬಂದು ಸೇರುತ್ತೆ ಆದ್ರೆ ಟನಲ್ ಒಳಗೆ ಹೋಗೋಕೆ ಒಂದೇ ಲೇನು, ಬರೋಕೆ ಒಂದೇ ಲೇನು, ನಡುವೆ ಡಿವೈಡರ್ ಇಲ್ಲ, ಓವರ್‌ಟೇಕ್ ಇಲ್ಲ, ಸ್ಪೀಡ್ 80. ದೊಡ್ಡ ಬಾಟಲಿಗೆ ಸಣ್ಣ ಕುತ್ತಿಗೆ ಇದ್ದಂಗೆ. 2001ರ ಅಕ್ಟೋಬರ್ 24ರಂದು ಒಳಗೆ ಎರಡು ಲಾರಿ ಡಿಕ್ಕಿ ಹೊಡೆದು ಬೆಂಕಿ ಹತ್ತಿ 11 ಜನ ಸತ್ತರು, ಎರಡು ತಿಂಗಳು ಟನಲ್ ಮುಚ್ಚಿತ್ತು. ಅದಾದ್ಮೇಲೆ ಒಳಗೆ ಒಂದೇ ಸಲಕ್ಕೆ ಇಷ್ಟೇ ಗಾಡಿ ಅಂತ ಸಿಗ್ನಲ್ ಹಾಕಿ ತಡೆದು ತಡೆದು ಬಿಡ್ತಾರೆ, ಲಾರಿಗಳ ಮಧ್ಯೆ ಜಾಗ ಬಿಡಿಸ್ತಾರೆ. ಅದು ಸರಿಯಾದ ಕ್ರಮನೇ, ಜನರ ಜೀವದ ಪ್ರಶ್ನೆ. ಆದ್ರೆ ರಜೆ ಶುರುವಾಗೋ ದಿನ ಜರ್ಮನಿ, ನೆದರ್ಲೆಂಡ್ಸ್, ಉತ್ತರ ಸ್ವಿಟ್ಜರ್ಲೆಂಡ್ ಮೂರೂ ಕಡೆಯವರು ಬಿಸಿಲು ಹುಡುಕ್ಕೊಂಡು ದಕ್ಷಿಣಕ್ಕೆ ಹೊರಟಾಗ ಆ ಕುತ್ತಿಗೆ ಕಟ್ಕೊಳುತ್ತೆ. ಇಲ್ಲಿನೋರು ಇಟ್ಕೊಂಡಿರೋ ಲೆಕ್ಕ ಏನಂದ್ರೆ ಒಂದು ಕಿಮೀ ಕ್ಯೂಗೆ ಹತ್ತು ನಿಮಿಷ. ಹತ್ತು ಕಿಮೀ ಕ್ಯೂ ಅಂದ್ರೆ ನೂರು ನಿಮಿಷ, ಟನಲ್ ಬಾಯಿಗೆ ಬರೋಕೇ ಅಷ್ಟು. ಈಸ್ಟರ್‌ಗೆ ಹತ್ತು ಕಿಮೀ ಅನ್ನೋದು ಇಲ್ಲಿ ಸುದ್ದಿನೇ ಅಲ್ಲ. ಎರಡನೇ ಟನಲ್ ಬೇಕು ಅಂತ 2016ರ ಫೆಬ್ರವರಿಯಲ್ಲಿ ಜನ ವೋಟ್ ಹಾಕಿ ಒಪ್ಪಿದಾರೆ, ಅಗೆತ ನಡೀತಿದೆ, ಆದ್ರೆ ಅದು ನಿಮ್ಮ ಟ್ರಿಪ್ಪಿಗೆ ಸಿಗಲ್ಲ. ಅದು ಮುಗಿದ್ಮೇಲೂ ಪ್ರತಿ ದಿಕ್ಕಿಗೆ ಒಂದೇ ಲೇನ್ ಬಿಡೋದು ಅಂತ ತೀರ್ಮಾನ ಆಗಿದೆ.

ಬೆಟ್ಟದ ಮೇಲಿನ ಹಳೇ ಪಾಸ್ ರಸ್ತೆಯಲ್ಲಿ ಹೋಗ್ಬಹುದಲ್ಲ ಅಂತ ಕೆಲವರು ಕೇಳ್ತಾರೆ. ಏಪ್ರಿಲ್‌ನಲ್ಲಿ ಅದು ಹಿಮದಡಿ ಮುಚ್ಚಿರುತ್ತೆ, ಓಪನ್ ಆಗೋದು ಸಾಮಾನ್ಯವಾಗಿ ಮೇ ಕೊನೆ ಅಥವಾ ಜೂನ್. ಇನ್ನೊಂದು ದಾರಿ ಸ್ಯಾನ್ ಬರ್ನಾರ್ಡಿನೋ, ಕೂರ್ ಅನ್ನೋ ಊರಿನ ಮೇಲೆ ಹೋಗಿ 6.6 ಕಿಮೀ ಟನಲ್‌ನಲ್ಲಿ ದಾಟಿ ಬೆಟ್ಟದ ದಕ್ಷಿಣದ ಬೆಲ್ಲಿನ್ಜೋನಾ ಊರಿಗೆ ಇಳಿಯೋದು. ಐವತ್ತು ಅರವತ್ತು ಕಿಮೀ ಸುತ್ತು, ಕಣಿವೆ ರಸ್ತೆ, ಸೊಗಸಾಗಿದೆ. ಆದ್ರೆ ಗೊಟ್ಟಾರ್ಡ್ ಜಾಮ್ ಆದಾಗ ಎಲ್ಲರ ಜಿಪಿಎಸ್ಸೂ ಅಲ್ಲಿಗೇ ತಿರುಗಿಸೋದ್ರಿಂದ ಅಲ್ಲೂ ಅದೇ ಪಾಡು.

ಕಾರಿನ ವಿಷಯದಲ್ಲಿ ಇನ್ನೂ ನಾಲ್ಕು ಮಾತು, ಮುಂದೆ ಬೇರೆ ಸೀಸನ್‌ನಲ್ಲಿ ಹೋಗೋರಿಗೂ ಉಪಯೋಗ ಆಗ್ಲಿ. ಮಂಗಳವಾರ ಬುಧವಾರದಂಥ ಮಾಮೂಲಿ ದಿನ, ಬೆಳಿಗ್ಗೆ ಆರಕ್ಕೆ ಹೊರಟ್ರೆ ಮೂರೂವರೆ ಗಂಟೆ ಅನ್ನೋದು ನಿಜವಾಗ್ಲೂ ಮೂರೂವರೆನೇ, ಒಂದು ಕಾಫಿ ಸ್ಟಾಪ್ ಸೇರಿಸಿ ನಾಲ್ಕು. ಸ್ವಿಸ್ ಹೈವೇಗೆ ವಿನ್ಯೆಟ್ ಅಂತ ಒಂದು ಸ್ಟಿಕರ್ ಬೇಕು, ವರ್ಷಕ್ಕೆ 40 ಫ್ರಾಂಕ್, ಜೂರಿಕ್‌ನಲ್ಲಿ ತಗೊಂಡ ಬಾಡಿಗೆ ಗಾಡಿಗೆ ಅದು ಇದ್ದೇ ಇರುತ್ತೆ, ಗೊಟ್ಟಾರ್ಡ್ ಟನಲ್‌ಗೆ ಬೇರೆ ಟೋಲ್ ಇಲ್ಲ. ಗಡಿ ದಾಟಿದ್ಮೇಲೆ ಇಟಲಿ ಕಡೆ ಟೋಲ್ ಇದೆ. ಸ್ವಿಸ್ ಹೈವೇ 120, ಇಟಲಿ 130, ಸ್ವಿಸ್ ಕಡೆ ಕ್ಯಾಮೆರಾ ಬಹಳ, ದಂಡನೂ ಜೋರು. ಇಟಲಿಯಲ್ಲಿ ನಮ್ಮ ಆರ್‌ಟಿಒ ಲೈಸೆನ್ಸ್ ಒಂದೇ ಸಾಲಲ್ಲ, ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಊರಿಂದ್ಲೇ ಮಾಡಿಸ್ಕೊಂಡು ಬರ್ಬೇಕು. ಮಿಲಾನ್ ಒಳಗೆ ಏರಿಯಾ ಸಿ ಅಂತ ಒಂದು ವಲಯ ಇದೆ, ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 7.30ರಿಂದ ಸಂಜೆ 7.30ವರೆಗೆ ಗಾಡಿ ಒಳಗೆ ತಗೊಂಡು ಹೋದ್ರೆ 7.50 ಯೂರೋ ಕಟ್ಬೇಕು, ಕಟ್ಟದಿದ್ರೆ ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತೆ, ತಿಂಗಳುಗಟ್ಟಲೆ ಆದ್ಮೇಲೆ ದಂಡದ ಕಾಗದ ಬರುತ್ತೆ. ಅದಕ್ಕೆ ನಾನು ಗಾಡಿನ ಲಂಪುನ್ಯಾನೋ ಮೆಟ್ರೋ ಸ್ಟೇಷನ್ ಹತ್ರ ಪಾರ್ಕ್ ಮಾಡಿ ಕೆಂಪು ಲೈನ್ ಮೆಟ್ರೋ ಹತ್ತುತ್ತೀನಿ.

ನಿಮ್ಮ ಪ್ಲಾನ್‌ನಲ್ಲಿ ಇನ್ನೊಂದು ಖರ್ಚು ಅಡಗಿದೆ. ಒಂದು ದೇಶದಲ್ಲಿ ತಗೊಂಡ ಗಾಡಿನ ಇನ್ನೊಂದು ದೇಶದಲ್ಲಿ ಬಿಟ್ರೆ ಡ್ರಾಪ್ ಫೀ ಹಾಕ್ತಾರೆ. ನಂಗೆ ಒಂದು ಸಲ ಒಂದು ಬಾಡಿಗೆ ಕಂಪನಿಯವರು ಆ ಫೀನ ಬುಕಿಂಗ್ ಪೇಜಿನ ಕೊನೇಲಿ ಸಣ್ಣ ಅಕ್ಷರದಲ್ಲಿ ಹಾಕಿದ್ರು, ಎರಡು ದಿನದ ಬಾಡಿಗೆಗಿಂತ ಅದೇ ಜಾಸ್ತಿ ಆಯ್ತು. ಒಂದು ದಿನಕ್ಕೆ ಕಾರು ತಗೊಳ್ಳೋರಿಗೆ ಇದು ಯಾವ ಲೆಕ್ಕದಲ್ಲೂ ಗಿಟ್ಟಲ್ಲ.

ಫ್ಲೈಟ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಗಾಳಿಯಲ್ಲಿ ಇರೋದು ಒಂದು ಗಂಟೆಯೊಳಗೆ. ಆದ್ರೆ ಎರಡು ಗಂಟೆ ಮುಂಚೆ ಏರ್‌ಪೋರ್ಟ್, ಚೆಕ್ ಇನ್, ಸೆಕ್ಯೂರಿಟಿ, ಇಳಿದ್ಮೇಲೆ ಲಗೇಜ್‌ಗೆ ಕಾಯೋದು, ಮಾಲ್ಪೆನ್ಸಾ ಊರಿಂದ 50 ಕಿಮೀ ಹೊರಗೆ ಇರೋದ್ರಿಂದ ಮಿಲಾನ್‌ಗೆ ಇನ್ನೊಂದು ಗಂಟೆ, ಕೂಡಿಸಿ ನೋಡಿ ಐದು ಗಂಟೆ ಹತ್ರ ಬರುತ್ತೆ. ಬಸ್ಸು ನಾಲ್ಕು ಗಂಟೆ ಚಿಲ್ಲರೆ, ರೇಟ್ ಕಡಿಮೆ, ಆದ್ರೆ ಅದೂ ಅದೇ ಕ್ಯೂನಲ್ಲೇ ನಿಲ್ಲುತ್ತೆ, ಹಾಗಾಗಿ ನಿಮ್ಮ ದಿನಕ್ಕೆ ಅದೂ ಬೇಡ.

ಇನ್ನು ಟ್ರೇನು. ನಿಮ್ಗೆ ನಾನು ಹೇಳೋದು ಇದನ್ನೇ. ಜೂರಿಕ್ ಮೇನ್ ಸ್ಟೇಷನ್ನಿಂದ ಮಿಲಾನೋ ಚೆಂತ್ರಾಲೆಗೆ ಯೂರೋಸಿಟಿ ನೇರ ಟ್ರೇನು, ಹೆಚ್ಚುಕಡಿಮೆ ಎರಡು ಗಂಟೆಗೊಂದು ಸಿಗುತ್ತೆ, ಎಲ್ಲೂ ಬದಲಾಯಿಸೋ ಹಾಗಿಲ್ಲ. ಒಳ್ಳೇ ಟ್ರೇನಿಗೆ ಟೈಮ್‌ಟೇಬಲ್ಲಲ್ಲಿ 3 ಗಂಟೆ 17 ನಿಮಿಷ, ಕೆಲವು ಟ್ರೇನಿಗೆ ಮೂರೂವರೆ, ನೀವು ತಲೆಯಲ್ಲಿ ನಾಲ್ಕು ಅಂತ ಇಟ್ಕೊಳ್ಳಿ ಯಾಕಂದ್ರೆ ಗಡಿ ಹತ್ರ ಹತ್ತಿಪ್ಪತ್ತು ನಿಮಿಷ ತಡ ಆಗೋದು ಮಾಮೂಲು. ಊರ ನಡುವಿಂದ ಊರ ನಡುವಿಗೆ, ಹದಿನೈದು ನಿಮಿಷ ಮುಂಚೆ ಪ್ಲಾಟ್‌ಫಾರ್ಮಿಗೆ ಬಂದ್ರೆ ಸಾಕು.

ಈ 3 ಗಂಟೆ 17 ನಿಮಿಷದ ಹಿಂದೆ ಎಷ್ಟು ವರ್ಷದ ಕೆಲಸ ಇದೆ ಗೊತ್ತಾ? ಇಲ್ಲಿ ಸ್ವಲ್ಪ ಉದ್ದ ಬರೀತೀನಿ, ನಂಗೆ ಬಹಳ ಇಷ್ಟವಾದ ವಿಷಯ. ಗೊಟ್ಟಾರ್ಡ್‌ನ ಮೊದಲ ರೈಲ್ವೆ ಸುರಂಗ 1872ರಿಂದ 1882ರವರೆಗೆ ತೋಡಿದ್ದು, ಸುಮಾರು 15 ಕಿಮೀ, ಸಮುದ್ರ ಮಟ್ಟದಿಂದ 1,151 ಮೀಟರ್ ಎತ್ತರದವರೆಗೆ ಏರುತ್ತೆ. ಕಾಂಟ್ರಾಕ್ಟ್ ತಗೊಂಡಿದ್ದ ಜಿನೀವಾದ ಲೂಯಿ ಫಾವ್ರ್ ಅನ್ನೋರು 1879ರಲ್ಲಿ ಅದೇ ಸುರಂಗದ ಒಳಗೇ ತೀರ್ಕೊಂಡ್ರು, ಎರಡೂ ಕಡೆ ಅಗೆತ ಸೇರೋದನ್ನ ನೋಡೋ ಭಾಗ್ಯ ಅವರಿಗೆ ಸಿಗಲಿಲ್ಲ. ಸತ್ತ ಕೂಲಿಗಳ ಸಂಖ್ಯೆ ಇನ್ನೂರರ ಹತ್ರ, ಹೆಚ್ಚಿನೋರು ಇಟಲಿಯ ಬಡವರು. ಆ ಎತ್ತರಕ್ಕೆ ಟ್ರೇನ್ ಏರಿಸೋಕೆ ವಾಸೆನ್ ಅನ್ನೋ ಹಳ್ಳಿ ಹತ್ರ ಬೆಟ್ಟದೊಳಗೆ ಸುತ್ತಿ ಸುತ್ತಿ ಹಳಿ ಹಾಕಿದಾರೆ, ಅಲ್ಲಿರೋ ಒಂದೇ ಬಿಳಿ ಚರ್ಚು ಮೊದಲು ನಿಮ್ಮ ತಲೆ ಮೇಲೆ ಕಾಣುತ್ತೆ, ಆಮೇಲೆ ಕಣ್ಣಿನ ಮಟ್ಟಕ್ಕೆ, ಆಮೇಲೆ ಕಾಲ ಕೆಳಗೆ. ನಮ್ಮ ಸಕಲೇಶಪುರ ಸುಬ್ರಹ್ಮಣ್ಯ ರಸ್ತೆ ಘಾಟಿಯಲ್ಲಿ ಹಗಲು ಟ್ರೇನಲ್ಲಿ ಹೋಗಿದ್ರೆ ಈ ಏರೋ ತಾಪತ್ರಯ ನಿಮ್ಗೆ ಗೊತ್ತಿರುತ್ತೆ, ಅಲ್ಲಿ ಸಾಲಾಗಿ 57 ಸುರಂಗ.

ಈಗ ನೀವು ಹೋಗೋದು 57 ಕಿಮೀ ಉದ್ದದ ಒಂದೇ ಸುರಂಗದಲ್ಲಿ. ಗೊಟ್ಟಾರ್ಡ್ ಬೇಸ್ ಟನಲ್, ಸರಿಯಾಗಿ 57.1 ಕಿಮೀ, ಪ್ರಪಂಚದಲ್ಲೇ ಅತಿ ಉದ್ದದ ರೈಲ್ವೆ ಸುರಂಗ. ಬೆಟ್ಟ ಏರೋದೇ ಬೇಡ, ಬುಡದಲ್ಲೇ ಕೊರೆದು ಆಚೆ ಬರೋಣ ಅನ್ನೋ ಯೋಚನೆ. ಉತ್ತರದ ಬಾಯಿ ಎರ್ಸ್ಟ್‌ಫೆಲ್ಡ್ 460 ಮೀಟರ್, ದಕ್ಷಿಣದ ಬಾಯಿ ಬೋದಿಯೋ 312, ಒಳಗೆ ಅತಿ ಎತ್ತರದ ಜಾಗನೂ 549 ಅಷ್ಟೆ. ಮೇಲೆ ಕೆಲವು ಕಡೆ 2,300 ಮೀಟರ್ ಕಲ್ಲು ಕೂತಿದೆ, ಅಷ್ಟು ಆಳದಲ್ಲಿ ಬಂಡೆಯೇ 45 ಡಿಗ್ರಿ ಬಿಸಿ, ಅಗೆಯೋರಿಗೆ ತಣ್ಣೀರು ತಣ್ಣನೆ ಗಾಳಿ ಪಂಪ್ ಮಾಡ್ತಾ ಕೆಲಸ ಮಾಡಿಸಿದ್ರು. ಇದ್ರಲ್ಲೂ 9 ಜನ ಪ್ರಾಣ ಕಳ್ಕೊಂಡ್ರು. 2010ರ ಅಕ್ಟೋಬರ್ 15ಕ್ಕೆ ಎರಡು ಕಡೆ ಅಗೆತ ಸೇರ್ತು, 2016ರ ಜೂನ್ 1ಕ್ಕೆ ಉದ್ಘಾಟನೆ, ಡಿಸೆಂಬರ್‌ನಿಂದ ಮಾಮೂಲಿ ಟ್ರೇನು. ಆಮೇಲೆ 2020ರಲ್ಲಿ ಬೆಲ್ಲಿನ್ಜೋನಾ ಲುಗಾನೋ ನಡುವಿನ ಚೆನೆರಿ ಬೇಸ್ ಟನಲ್, 15.4 ಕಿಮೀ, ಅದೂ ಸೇರ್ಕೊಂಡ್ತು. ಇವೆರಡೂ ಇಲ್ದೇ ಇದ್ದಾಗ ಇದೇ ದಾರಿಗೆ ನಾಲ್ಕು ಗಂಟೆ ಹತ್ರ ಹಿಡೀತಿತ್ತು.

ಒಳಗೆ ಹೋಗೋವಾಗ ಹೇಗಿರುತ್ತೆ ಅಂತ ನಿಮ್ಮ ಅಪ್ಪ ಅಮ್ಮನಿಗೆ ಮೊದಲೇ ಹೇಳಿಡಿ, ಗಾಬರಿ ಆಗೋದು ಬೇಡ. ಕಣಿವೆಯಲ್ಲಿ ಹಸಿರು ಗದ್ದೆ, ಮರದ ಮನೆ, ಹಿಮದ ಗುಡ್ಡ ನೋಡ್ತಾ ಇರ್ತೀರ, ಒಂದು ಕ್ಷಣದಲ್ಲಿ ಕತ್ತಲೆ, ಕಿವಿ ಗುಂಯ್ ಅಂತ ಕಟ್ಟುತ್ತೆ, ಎಂಜಲು ನುಂಗಿದ್ರೆ ಬಿಡುತ್ತೆ. ಚಳಿ ದಿನ ಆದ್ರೆ ಹೊರಗಿಂದ ಕಿಟಕಿ ಗಾಜು ಮಂಜು ಕಟ್ಟಿ ಬೆಳ್ಳಗಾಗುತ್ತೆ ಯಾಕಂದ್ರೆ ಹೊರಗಿನ ಚಳಿಯಿಂದ ಟ್ರೇನು ಬೆಚ್ಚಗಿನ ಸುರಂಗದೊಳಗೆ ನುಗ್ಗಿರುತ್ತೆ. ಗಂಟೆಗೆ 200 ಕಿಮೀ ಆಸುಪಾಸಲ್ಲಿ ಓಡುತ್ತೆ, ಟೀ ಕಪ್ ಅಲುಗಾಡಲ್ಲ. ಹದಿನೇಳರಿಂದ ಇಪ್ಪತ್ತು ನಿಮಿಷ ಅಷ್ಟೆ, ಆಮೇಲೆ ಬೆಳಕಿಗೆ ಬಿದ್ದಾಗ ಬೇರೆ ದೇಶಕ್ಕೆ ಬಂದಂಗಿರುತ್ತೆ, ಚಪ್ಪಡಿ ಕಲ್ಲು ಹೊದಿಸಿದ ಮನೆಗಳು, ಸ್ಟೇಷನ್ ಬೋರ್ಡೆಲ್ಲಾ ಇಟಾಲಿಯನ್ನು, ಟ್ರೇನಿನ ಅನೌನ್ಸ್‌ಮೆಂಟೂ ಜರ್ಮನ್ನಿಂದ ಇಟಾಲಿಯನ್‌ಗೆ ತಿರುಗಿರುತ್ತೆ. ಆದ್ರೆ ಅದಿನ್ನೂ ಸ್ವಿಟ್ಜರ್ಲೆಂಡೇ, ಟಿಚಿನೋ ರಾಜ್ಯ. ಜೂರಿಕ್‌ನಲ್ಲಿ ಮೋಡ ಮುಸುಕಿ ಜಿಟಿಜಿಟಿ ಮಳೆ ಇದ್ದ ದಿನಾನೂ ಬೋದಿಯೋದಲ್ಲಿ ಬಿಸಿಲು ಬಂದಿದ್ದನ್ನ ಎಷ್ಟೋ ಸಲ ನೋಡಿದೀನಿ.

ಸೀಟ್ ಬಗ್ಗೆ ಹೇಳಿಬಿಡ್ತೀನಿ, ಜೂರಿಕ್‌ನಿಂದ ಹೊರಟಾಗ ಟ್ರೇನ್ ಹೋಗೋ ದಿಕ್ಕಿಗೆ ಬಲಗಡೆ ಕಿಟಕಿ ಹಿಡೀರಿ. ಝುಗ್ ಕೆರೆ, ಆಮೇಲೆ ಬ್ರುನ್ನೆನ್ ದಾಟಿದ್ಮೇಲೆ ಊರಿ ಕೆರೆ ಎರಡೂ ಬಲಗಡೆಗೇ ಬರುತ್ತೆ. ಲುಗಾನೋ ದಾಟಿ ಮೆಲಿದೆ ಹತ್ರ ಕೆರೆ ಮಧ್ಯೆ ಕಟ್ಟಿರೋ ಏರಿ ಮೇಲೆ ಹೋಗುತ್ತೆ, ಅಲ್ಲಿ ಎರಡೂ ಕಡೆ ನೀರು. ಆ ಹಳೇ ಬೆಟ್ಟದ ದಾರಿ, ವಾಸೆನ್ ಚರ್ಚು ನೋಡ್ಬೇಕು ಅನ್ನೋರಿಗೆ ಟ್ರೇನೋ ಗೊಟ್ಟಾರ್ಡೋ ಅನ್ನೋ ಬೇರೆ ಟ್ರೇನು ಇದೆ, ಒಂದು ಗಂಟೆ ಜಾಸ್ತಿ ಹಿಡಿಯುತ್ತೆ, ಬೆಲ್ಲಿನ್ಜೋನಾದಲ್ಲಿ ಬದಲಾಯಿಸ್ಬೇಕು. ಫ್ಲೈಟ್ ಇರೋ ದಿನ ಅದು ಬೇಡ, ಟೂರಿನ ನಡುವೆ ಒಂದಿನ ಇಟ್ಕೊಳ್ಳಿ.

ಬೇಸ್ ಟನಲ್ಲೂ ಕೈ ಕೊಟ್ಟಿದ್ದುಂಟು. 2023ರ ಆಗಸ್ಟ್ 10ಕ್ಕೆ ಒಂದು ಗೂಡ್ಸ್ ಟ್ರೇನಿನ ಗಾಲಿ ಒಡೆದು ಒಳಗೆ ಹಳಿ ತಪ್ಪಿ ಏಳು ಕಿಮೀನಷ್ಟು ಹಳಿ ಹಾಳಾಯ್ತು, ಪೂರ್ತಿ ಸರಿಯಾಗಿ ಓಪನ್ ಆಗಿದ್ದು 2024ರ ಸೆಪ್ಟೆಂಬರ್ 2ಕ್ಕೆ. ಅಷ್ಟು ದಿನ ಬಹಳ ಟ್ರೇನುಗಳು ಹಳೇ ಬೆಟ್ಟದ ದಾರಿಯಲ್ಲಿ ಓಡಿದ್ವು, ಒಂದು ಗಂಟೆ ಜಾಸ್ತಿ. ಆ ಸಮಯದಲ್ಲಿ ಬರೆದ ಹಳೇ ಲೇಖನಗಳಲ್ಲಿ ನಾಲ್ಕೂಕಾಲು ನಾಲ್ಕೂವರೆ ಗಂಟೆ ಅಂತ ಇದ್ರೆ ಕಾರಣ ಅದು, ಈಗ ಅನ್ವಯ ಆಗಲ್ಲ.

ಟಿಕೆಟ್. ಗಡಿ ದಾಟೋ ಯೂರೋಸಿಟಿಗೆ ಸೀಟ್ ರಿಸರ್ವೇಶನ್ ಕಡ್ಡಾಯ, ಮತ್ತೆ ಈಸ್ಟರ್ ಗುರುವಾರ ಟ್ರೇನೂ ತುಂಬಿರುತ್ತೆ, ಹಾಗಾಗಿ ಬುಕಿಂಗ್ ಓಪನ್ ಆದ ಕೂಡಲೇ ನಾಲ್ಕು ಸೀಟು ಒಟ್ಟಿಗೆ ತಗೊಳ್ಳಿ. ಬೇಗ ತಗೊಂಡ್ರೆ ಡಿಸ್ಕೌಂಟ್ ಟಿಕೆಟ್ ಸಿಗುತ್ತೆ ಆದ್ರೆ ಅದು ಅದೇ ಟ್ರೇನಿಗೆ ಮಾತ್ರ. ನಿಮ್ಮ ಹತ್ರ ಸ್ವಿಸ್ ಟ್ರಾವೆಲ್ ಪಾಸ್ ಇದ್ರೆ ಅದು ಗಡಿ ಊರು ಕಿಯಾಸ್ಸೋವರೆಗೆ ಮಾತ್ರ, ಅಲ್ಲಿಂದ ಮಿಲಾನ್‌ಗೆ ಬೇರೆ ಟಿಕೆಟ್ ಬೇಕು. ಇದನ್ನ ಮರೆತು ಟ್ರೇನಲ್ಲೇ ದಂಡ ಕಟ್ಟಿದೋರನ್ನ ನಾನು ಬಹಳ ಜನ ನೋಡಿದೀನಿ. ಯೂರೋಸಿಟಿ ಪೂರ್ತಿ ಫುಲ್ ಆದ್ರೂ ಕೈಚೆಲ್ಲಬೇಡಿ, ಲುಗಾನೋವರೆಗೆ ಸ್ವಿಸ್ ಟ್ರೇನಲ್ಲಿ ಬಂದು ಅಲ್ಲಿಂದ ಆರ್‌ಇ80 ಅನ್ನೋ ಲೋಕಲ್ ಹಿಡೀರಿ, ಗಂಟೆಗೊಂದು ಇದೆ, ಸೀದಾ ಚೆಂತ್ರಾಲೆಗೆ ಹೋಗುತ್ತೆ, ರಿಸರ್ವೇಶನ್ ಬೇಡ.

ಪಾಸ್‌ಪೋರ್ಟ್ ನಾಲ್ಕೂ ಜನರದ್ದು ಕೈಚೀಲದಲ್ಲಿ ಇರ್ಲಿ, ದೊಡ್ಡ ಸೂಟ್‌ಕೇಸ್ ತಳದಲ್ಲಿ ಬೇಡ. ಎರಡೂ ದೇಶ ಷೆಂಗೆನ್, ಸ್ವಿಟ್ಜರ್ಲೆಂಡ್ ಸೇರಿದ್ದು 2008ರಲ್ಲಿ, ಒಂದೇ ವೀಸಾ ಸಾಕು. ಆದ್ರೂ ಕಿಯಾಸ್ಸೋ ಹತ್ರ ಪೊಲೀಸರು ಹತ್ತಿ ನೋಡ್ತಾರೆ. ನನ್ನ ಅಪ್ಪ ಒಂದು ಸಲ ಪಾಸ್‌ಪೋರ್ಟ್‌ನ ಭದ್ರವಾಗಿರ್ಲಿ ಅಂತ ಸೂಟ್‌ಕೇಸ್ ಒಳಗೆ ಪಂಚೆ ಮಡಿಕೆಯಲ್ಲಿ ಸುತ್ತಿಟ್ಟಿದ್ರು, ಆ ಪೊಲೀಸ್ ಹುಡುಗಿ ಪಕ್ಕದಲ್ಲಿ ನಿಂತು ಕಾಯ್ತಿರೋವಾಗ ಓಡಾಡೋ ದಾರಿಯಲ್ಲಿ ಪೆಟ್ಟಿಗೆ ಬಿಚ್ಚಿ ಒಂದೊಂದೇ ಬಟ್ಟೆ ತೆಗೀತಾ ಅವರ ಕೈ ನಡುಗ್ತಿತ್ತು. ಆಕೆ ಪಾಪ ಸಮಾಧಾನವಾಗೇ ಇದ್ರು. ಆದ್ರೆ ವಯಸ್ಸಾದೋರಿಗೆ ಅಷ್ಟು ಗಾಬರಿ ಯಾಕೆ ಕೊಡ್ಬೇಕು.

ಈಗ ನಿಮ್ಮ ದಿನ ಹೀಗೆ ಮಾಡಿ. ಬೆಳಿಗ್ಗೆ ಏಳರ ಆಸುಪಾಸಿನ ಟ್ರೇನ್ ಹಿಡೀರಿ, ಮಧ್ಯಾಹ್ನದ್ದು ಬೇಡ. ತಡ ಆದ್ರೂ ಹನ್ನೊಂದು ಹನ್ನೊಂದೂವರೆಗೆ ಮಿಲಾನ್‌ನಲ್ಲಿ ಇರ್ತೀರ. ಈ ದಾರಿಯಲ್ಲಿ ಓಡೋ ಹೊಸ ಜಿರುನೋ ಟ್ರೇನುಗಳಲ್ಲಿ ಪ್ಲಾಟ್‌ಫಾರ್ಮ್ ಮಟ್ಟಕ್ಕೇ ಬಾಗಿಲು ಇರೋದ್ರಿಂದ ನಿಮ್ಮ ಅಪ್ಪ ಅವರು ಮೆಟ್ಟಿಲು ಹತ್ತೋ ಕಷ್ಟ ಇಲ್ಲ. ಹಳೇ ರೇಕ್ ಬಂದ್ರೆ ಮಾತ್ರ ಎರಡು ಮೂರು ಮೆಟ್ಟಿಲು, ಆಗ ನೀವು ಮೊದಲು ಹತ್ತಿ ಕೈ ಕೊಡಿ. ಚೆಂತ್ರಾಲೆ ಸ್ಟೇಷನ್ 1931ರಲ್ಲಿ ಉದ್ಘಾಟನೆ ಆದ ಭಾರಿ ಕಟ್ಟಡ, ಪ್ಲಾಟ್‌ಫಾರ್ಮ್ ಮೇಲಂತಸ್ತಲ್ಲಿದೆ, ಲಿಫ್ಟ್ ಇದೆ, ಜನಜಂಗುಳಿ ಜೊತೆ ಮೆಟ್ಟಿಲ ಕಡೆ ಹೋಗ್ಬೇಡಿ. ಲಗೇಜ್ ಇಡೋ ಕೌಂಟರ್ ಅಲ್ಲೇ ಇದೆ, ಅಲ್ಲಿಟ್ಟು ಹಳದಿ ಲೈನ್ ಮೆಟ್ರೋದಲ್ಲಿ ನಾಲ್ಕನೇ ಸ್ಟಾಪ್ ದುವೋಮೋ, ಮೇಲೆ ಬಂದ್ರೆ ಎದುರಿಗೇ ಕ್ಯಾಥೆಡ್ರಲ್. ಪರ್ಸ್, ಮೊಬೈಲ್ ಮುಂದಿನ ಜೇಬಲ್ಲಿರ್ಲಿ, ಸ್ಟೇಷನ್ನಲ್ಲೂ ಮೆಟ್ರೋದಲ್ಲೂ ಜೇಬುಗಳ್ಳರು ಇದಾರೆ. ಲಿಯೊನಾರ್ಡೊ ಡಾ ವಿಂಚಿಯ ಕೊನೆಯ ಊಟದ ಚಿತ್ರ ನೋಡ್ಬೇಕು ಅಂದ್ರೆ ಮುಂಗಡ ಬುಕ್ ಮಾಡ್ದೆ ಆಗಲ್ಲ, ಒಳಗೆ ಬಿಡೋದು 15 ನಿಮಿಷ, ಮಧ್ಯಾಹ್ನ ಎರಡರ ಸ್ಲಾಟ್ ಸಿಕ್ರೆ ನಿಮ್ಮ ದಿನಕ್ಕೆ ಸರಿಹೋಗುತ್ತೆ.

ಸಂಜೆ ಐದೂಕಾಲಿಗೆ ಚೆಂತ್ರಾಲೆಗೆ ವಾಪಸ್ ಬನ್ನಿ, ಲಗೇಜ್ ತಗೊಳ್ಳಿ, ಐದೂಮುಕ್ಕಾಲರ ಒಳಗೆ ಮಾಲ್ಪೆನ್ಸಾ ಎಕ್ಸ್‌ಪ್ರೆಸ್ ಹತ್ತಿ. ಅದೇ ಸ್ಟೇಷನ್ನಿಂದ ಹೊರಡುತ್ತೆ, ಐವತ್ತು ಚಿಲ್ಲರೆ ನಿಮಿಷ. ಆರೂಮುಕ್ಕಾಲಿಗೆ ಏರ್‌ಪೋರ್ಟ್, 9.45ಕ್ಕೆ ಮೂರು ಗಂಟೆ ಮುಂಚೆ. ಟರ್ಮಿನಲ್ ಒಂದಾ ಎರಡಾ ಅಂತ ನಿಮ್ಮ ಟಿಕೆಟಲ್ಲಿ ನೋಡ್ಕೊಳ್ಳಿ, ಎರಡೂ ಬೇರೆ ಬೇರೆ ಸ್ಟಾಪು. ಮಿಲಾನ್ ಸುತ್ತಾಡೋ ಆಸೆ ಇಲ್ಲ, ಅಪ್ಪನಿಗೆ ಆಯಾಸ ಅಂದ್ರೆ ಲುಗಾನೋದಲ್ಲೇ ಇಳಿದು ಕೆರೆ ದಂಡೆಯಲ್ಲಿ ಮಧ್ಯಾಹ್ನ ಕಳೆದು ಅಲ್ಲಿಂದ ಎಸ್50 ಲೋಕಲ್ ಹಿಡಿದ್ರೂ ಮಾಲ್ಪೆನ್ಸಾಗೆ ಹೋಗ್ಬಹುದು, ಮಿಲಾನ್ ಒಳಗೆ ಕಾಲಿಡೋದೇ ಬೇಡ.

ಒಂದೇ ಒಂದು ಎಚ್ಚರಿಕೆ, ಇಟಲಿಯಲ್ಲಿ ರೈಲ್ವೆ ಮುಷ್ಕರ ಆಗಾಗ ಆಗುತ್ತೆ, ಮುಂಚಿತವಾಗೇ ತಾರೀಕು ಹೇಳಿರ್ತಾರೆ. ಹೊರಡೋ ವಾರ ಒಂದ್ಸಲ ಷೋಪೆರೋ (sciopero, ಇಟಾಲಿಯನ್‌ನಲ್ಲಿ ಮುಷ್ಕರ) ಅನ್ನೋ ಪದ ಹಾಕಿ ಹುಡುಕಿ ನೋಡಿ. ಮುಷ್ಕರದ ದಿನನೂ ವಾರದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9, ಸಂಜೆ 6ರಿಂದ 9 ಲೋಕಲ್ ಟ್ರೇನುಗಳನ್ನ ಕನಿಷ್ಠ ಮಟ್ಟದಲ್ಲಿ ಓಡಿಸಲೇಬೇಕು ಅಂತ ನಿಯಮ ಇದೆ.

ಊಟದ ಪ್ರಶ್ನೆ ಕೊನೆಗೆ ಇಟ್ಕೊಂಡಿದ್ದೆ. ಧಾರಾಳವಾಗಿ ತಿನ್ನಿ, ಯಾರೂ ಏನೂ ಅನ್ನಲ್ಲ, ಸೀಟಿಗೆ ಮಡಚೋ ಟೇಬಲ್ ಇದೆ. ಪುಳಿಯೋಗರೆ, ಚಪಾತಿ ಪಲ್ಯ, ಚಟ್ನಿಪುಡಿ ಹಚ್ಚಿದ ದೋಸೆ ಇಂಥದ್ದು ಒಳ್ಳೇದು. ಮೊಸರನ್ನ ಡಬ್ಬಿ ಮುಚ್ಚಳ ಮಾತ್ರ ಬೇಸ್ ಟನಲ್ ಒಳಗೆ ತೆಗೀಬೇಡಿ, ಹೋಗೋಕೆ ಮುಂಚೆ ಗಟ್ಟಿ ಮುಚ್ಚಿದ ಡಬ್ಬಿ ಒಂದು ಸಲ ನಂಗೆ ಒತ್ತಡ ಬದಲಾಗಿ ಟಪ್ ಅಂತ ಬಿಚ್ಕೊಂಡು ಎದುರಿಗೆ ಕೂತ ಅಜ್ಜಿಯ ಕೋಟಿನ ಮೇಲೆ ಹಾರಿತ್ತು. ಬೆಲ್ಲಿನ್ಜೋನಾ ಬಂದ್ಮೇಲೆ ಬಿಚ್ಚಿ.